ಜಾಹೀರಾತನ್ನು ಓದುವುದನ್ನೂ ಮಕ್ಕಳಿಗೆ ಕಲಿಸೋಣ



ವಾರ್ಡಿನಲ್ಲಿ ರೋಗಿಗಳ ಕಡೆಯವರು ನಮ್ಮನ್ನು ಕೇಳುವ ಪ್ರಶ್ನೆಗಳೆಲ್ಲ ಡಾಕ್ಟರು ಬರೆದ ಔಷಧಿಯ ಬಗ್ಗೆಯೇ ಇರುವುದಿಲ್ಲ. “ಸಿಸ್ಟರ್, ಆ ಪುಡಿ ಹಾಲಿಗೆ ಹಾಕಿ ಕೊಟ್ರ ಹುಡುಗ ಎತ್ತರ ಆಗ್ತಾನಂತ, ಖರೇನ್ರಿ?” “ಈ ಡಬ್ಬಿ ಜ್ಯೂಸು ಸಲೈನ್ ಇದ್ದಂಗ ಅಂತಲ್ರಿ?” ಹೀಗೆ ಯಾರು ಹೇಳಿದರು ಎಂದು ವಿಚಾರಿಸಿದರೆ, ಬಹಳ ಸಲ ಮನೆಯಲ್ಲಿ ಶಾಲೆಗೆ ಹೋಗುವ ಮಗ ಅಥವಾ ಮಗಳು ಟಿ.ವಿ.ಯಲ್ಲೋ ಮೊಬೈಲಿನಲ್ಲೋ ನೋಡಿ ಹೇಳಿರುತ್ತಾರೆ. ಅಂಗಡಿಗೆ ಹೋಗುವವರೂ ಅವರೇ, ಪೊಟ್ಟಣದ ಮೇಲಿನ ಅಕ್ಷರ ಓದುವವರೂ ಅವರೇ. ಆದ್ದರಿಂದ ಕಲಿಸುವುದನ್ನೂ ಅವರಿಂದಲೇ ಆರಂಭಿಸುವುದು ಒಳ್ಳೆಯದು.

ಸುಮಾರು ಏಳೆಂಟು ವರ್ಷದ ತನಕ ಮಕ್ಕಳಿಗೆ ಜಾಹೀರಾತು ಎಂದರೆ ವಸ್ತು ಮಾರುವುದಕ್ಕಾಗಿ ಮಾಡಿದ್ದು ಎಂಬುದೇ ಸರಿಯಾಗಿ ತಿಳಿಯುವುದಿಲ್ಲ. ಕಾರ್ಯಕ್ರಮದ ನಡುವೆ ಬರುವ ಇನ್ನೊಂದು ಕಥೆ ಎಂದು ನೋಡುತ್ತಾರೆ. ಬಿಳಿ ಕೋಟು ಹಾಕಿಕೊಂಡು ಮಾತನಾಡಿದವರು ನಿಜವಾದ ಡಾಕ್ಟರು ಎಂದೇ ನಂಬುತ್ತಾರೆ. (ದೊಡ್ಡವರೂ ನಂಬುತ್ತಾರೆನ್ನಿ.) ಮಕ್ಕಳಿಗೆ ಆಟಿಗೆ, ಸ್ಟಿಕ್ಕರ್ ಆಸೆ. ತಾಯಿಗೆ ಆಸೆಗಿಂತ ಹೆದರಿಕೆ ತೋರಿಸುತ್ತಾರೆ: ಪಕ್ಕದ ಮನೆ ಹುಡುಗ ಮುಂದೆ ಹೋದ, ನಿಮ್ಮ ಮಗ ಹಿಂದೆ ಉಳಿದ ಎಂದು. ಅದೇ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿದ ಮೇಲೆ ಎಲ್ಲಿ ಕೇಳಿದ್ದೆಂಬುದು ಮರೆತು, ಅದು ನಮ್ಮದೇ ಅಭಿಪ್ರಾಯದಂತೆ ತಲೆಯಲ್ಲಿ ಉಳಿಯುತ್ತದೆ.

ಶಾಲೆಗಳಲ್ಲಿ ಆರೋಗ್ಯ ಪಾಠ ಮಾಡುವಾಗ ನಾವು ಮಕ್ಕಳಿಗೆ ಮನೆಯಿಂದ ಖಾಲಿ ಪೊಟ್ಟಣ, ಡಬ್ಬಿ ತರಲು ಹೇಳುತ್ತೇವೆ. ಇದನ್ನು ನೀವು ಮನೆಯಲ್ಲಿಯೂ ಮಾಡಬಹುದು. ಮುಂದಿನ ಚಿತ್ರ ಬಿಟ್ಟು ಹಿಂದೆ ತಿರುಗಿಸಲು ಹೇಳಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಬಳಸಿದ ಪದಾರ್ಥಗಳ ಪಟ್ಟಿ ಇರುತ್ತದೆ. ಯಾವುದು ತೂಕದಲ್ಲಿ ಹೆಚ್ಚು ಇದೆಯೋ ಅದನ್ನು ಮೊದಲು ಬರೆಯಬೇಕೆಂಬುದು ಕಾಯಿದೆ. ಮೊದಲ ಎರಡು ಮೂರು ಹೆಸರುಗಳಲ್ಲಿ ಸಕ್ಕರೆ ಇದ್ದರೆ ಅದು ಸಿಹಿ ತಿಂಡಿ, ಮುಂದೆ ಏನೇ ಚಿತ್ರ ಹಾಕಿರಲಿ. ಆಮೇಲೆ ಸಕ್ಕರೆ ಎಷ್ಟು ಗ್ರಾಂ ಎಂದು ನೋಡಿ, ಐದು ಗ್ರಾಂಗೆ ಒಂದು ಚಹಾ ಚಮಚದಂತೆ ಖಾಲಿ ಲೋಟಕ್ಕೆ ಹಾಕಿಸಿ. 250 ಮಿ.ಲೀ. ಕೋಲಾದಲ್ಲಿ ಸುಮಾರು 26 ಗ್ರಾಂ, ಅಂದರೆ ಐದು ಚಮಚ. ಲೋಟದ ತಳದಲ್ಲಿ ಆ ಸಕ್ಕರೆ ಕಂಡ ಕೂಡಲೇ ಮಕ್ಕಳು ಸುಮ್ಮನಾಗುತ್ತಾರೆ. ನಾವು ಅರ್ಧ ತಾಸು ಭಾಷಣ ಮಾಡಿದರೂ ಅಷ್ಟು ಪರಿಣಾಮ ಆಗುವುದಿಲ್ಲ.

ಹಾಲಿಗೆ ಹಾಕುವ ಪುಡಿಗಳ ಡಬ್ಬಿಯಲ್ಲಿ ಇನ್ನೊಂದು ಚಮತ್ಕಾರವಿದೆ. ಪ್ರೋಟೀನ್, ಕ್ಯಾಲ್ಸಿಯಂ ಇಷ್ಟು ಸಿಗುತ್ತದೆ ಎಂದು ಬರೆದ ಪಕ್ಕದಲ್ಲಿ ಸಣ್ಣ ಚುಕ್ಕೆ ಇಟ್ಟು, ಕೆಳಗೆ “ಹಾಲಿನೊಂದಿಗೆ ಸೇವಿಸಿದಾಗ” ಎಂದಿರುತ್ತದೆ. ಆ ಪ್ರೋಟೀನಿನಲ್ಲಿ ಹೆಚ್ಚಿನ ಪಾಲು ನೀವು ಹಾಕಿದ ಹಾಲಿನದೇ. “ಹೆಲ್ತ್ ಡ್ರಿಂಕ್” ಎಂಬುದಕ್ಕೆ ನಮ್ಮ ಆಹಾರ ಸುರಕ್ಷತಾ ಕಾಯಿದೆಯಲ್ಲಿ ವ್ಯಾಖ್ಯೆಯೇ ಇಲ್ಲ. ಆದ ಕಾರಣ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂಥ ಪಾನೀಯಗಳನ್ನು ಆ ಹೆಸರಿನ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟದವರಿಗೆ ಸೂಚಿಸಿತು. ಅದೇ ಹಣಕ್ಕೆ ಶೇಂಗಾ, ತತ್ತಿ, ಬೇಳೆ, ರಾಗಿ ಎಷ್ಟು ಬರುತ್ತದೆಂದು ಲೆಕ್ಕ ಹಾಕುವ ಕೆಲಸವನ್ನು ಮಗುವಿಗೇ ಕೊಡಿ. ಗಣಿತವೂ ಆದೀತು.

ಓ.ಆರ್.ಎಸ್. ಎಂಬ ಮೂರು ಅಕ್ಷರ

ವಾಂತಿ-ಭೇದಿಯಾದ ಮಗುವನ್ನು ಕರೆತಂದವರ ಕೈಯಲ್ಲಿ ಬಣ್ಣದ ಜ್ಯೂಸ್ ಪ್ಯಾಕ್ ಇರುವುದನ್ನು ನಾವು ಅನೇಕ ಸಲ ನೋಡಿದ್ದೇವೆ. ಅದರ ಹೆಸರಿನಲ್ಲಿಯೇ ಓ.ಆರ್.ಎಸ್. ಎಂಬ ಅಕ್ಷರಗಳು ಇರುತ್ತಿದ್ದವು. ಔಷಧಿ ಅಂಗಡಿಯಲ್ಲಿಯೇ ಮಾರುತ್ತಿದ್ದರು. ತಾಯಂದಿರು ನಂಬಿದ್ದರಲ್ಲಿ ತಪ್ಪೇನೂ ಇಲ್ಲ.

ನಿಜವಾದ ಓ.ಆರ್.ಎಸ್., ಅಂದರೆ ನಾವು ಜೀವಜಲ ಎನ್ನುವ ದ್ರಾವಣದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಈ ಅಳತೆಗೆ ಕಾರಣವಿದೆ. ಭೇದಿಯಾಗುತ್ತಿರುವಾಗಲೂ ಕರುಳು ಗ್ಲೂಕೋಸ್ ಮತ್ತು ಉಪ್ಪನ್ನು ಜೊತೆಯಾಗಿ ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಸಕ್ಕರೆ ಅಳತೆ ಮೀರಿ ಹೆಚ್ಚಾದರೆ ಉಲ್ಟಾ ಆಗುತ್ತದೆ: ಮೈಯೊಳಗಿನ ನೀರು ಕರುಳಿಗೆ ಬಂದು ಭೇದಿ ಜೋರಾಗುತ್ತದೆ. ಓ.ಆರ್.ಎಸ್. ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಕೆಲವು ಪಾನೀಯಗಳಲ್ಲಿ ಲೀಟರಿಗೆ ನೂರು ಗ್ರಾಂಗೂ ಹೆಚ್ಚು ಸಕ್ಕರೆ ಇತ್ತು, ಬೇಕಾದ ಲವಣ ಕಡಿಮೆ ಇತ್ತು. ಭೇದಿಯಿಂದ ಸೊರಗಿದ ಮಗುವಿಗೆ ಇದು ಜೀವದ ಪ್ರಶ್ನೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಹಲವು ವರ್ಷ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಆಹಾರ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಎಂದು ಬಳಸಬಾರದೆಂದು ಆದೇಶಿಸಿತು. ಹೆಸರು ಬದಲಾದರೂ ಒಳಗಿನ ಪಾನೀಯ ಔಷಧಿಯಾಗುವುದಿಲ್ಲ ಎಂಬುದು ನೆನಪಿರಲಿ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಸಾಲದಾದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಈ ಸಕ್ಕರೆ-ಉಪ್ಪಿನ ನೀರನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಇಷ್ಟು ದೊಡ್ಡ ಔಷಧಿಗೆ ಟಿ.ವಿ.ಯಲ್ಲಿ ಸಿನಿಮಾ ನಟರು ಬಂದು ಕುಣಿಯುವುದಿಲ್ಲ. ಅದರಲ್ಲಿ ಲಾಭ ಕಡಿಮೆ, ಅಷ್ಟೆ. ಆಶಾ ಕಾರ್ಯಕರ್ತೆಯರಲ್ಲಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ಲೀಟರಿನ ಪೊಟ್ಟಣವಾದರೆ ಪೂರ್ತಿ ಪುಡಿಯನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಿ. ಅರ್ಧ ಪುಡಿ, ಅಂದಾಜು ನೀರು ಬೇಡ. ಹಾಲು, ಜ್ಯೂಸ್ ಬೆರೆಸಬೇಡಿ. 24 ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ. ಚಮಚದಿಂದ ನಿಧಾನವಾಗಿ ಕುಡಿಸಿ, ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಗು ಕುಡಿಯದೆ ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.

ಹೈಸ್ಕೂಲು ಮಕ್ಕಳಿಗೆ

ಈ ವಯಸ್ಸಿನವರಿಗೆ ಪುಡಿ-ಜ್ಯೂಸಿಗಿಂತ ಪಾನ್ ಮಸಾಲೆಯ ವಿಷಯ ಹೇಳಬೇಕು. ತಂಬಾಕಿನ ಜಾಹೀರಾತಿಗೆ 2003ರ ಕಾಯಿದೆಯಲ್ಲಿ ನಿಷೇಧವಿದೆ. ಗುಟ್ಕಾ ಕರ್ನಾಟಕದಲ್ಲಿ 2013ರಲ್ಲಿ ನಿಷೇಧವಾಯಿತು. ಆದರೆ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ, ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಟಿ.ವಿ.ಯಲ್ಲಿ ದೊಡ್ಡ ನಟರು ತೋರಿಸುವುದು ಏಲಕ್ಕಿ. ಹುಡುಗರಿಗೆ ನೆನಪುಳಿಯುವುದು ಮಾತ್ರ ಆ ಹೆಸರು ಮತ್ತು ಆ ಠೀವಿ. “ಇದರಾಗ ತಂಬಾಕ ಇಲ್ರಿ” ಎಂದು ಹುಡುಗರು ವಾದ ಮಾಡುತ್ತಾರೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಪ್ರಕಟಿಸಿದೆ. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ, ಗಲ್ಲದ ಒಳಭಾಗ ಬಿಳಿಚಿ ಬಿಗಿಯಾಗುತ್ತದೆ. ಮೂರು ಬೆರಳು ಜೋಡಿಸಿ ನಿಲ್ಲಿಸಿದರೆ ಬಾಯೊಳಗೆ ಹೋಗದಂತಾದರೆ ಕೂಡಲೇ ತೋರಿಸಬೇಕು. ಈ ಪರೀಕ್ಷೆಯನ್ನು ಮಕ್ಕಳಿಂದಲೇ ಮನೆಯ ಹಿರಿಯರಿಗೂ ಮಾಡಿಸಿ.

ಇನ್ನು ಸಕ್ಕರೆ ಕಾಯಿಲೆಯವರ ಮನೆಯವರಿಗೆ ಒಂದು ಮಾತು. “ಮಧುಮೇಹ ಬುಡಸಮೇತ ಗುಣ” ಎಂಬ ಗೋಡೆ ಬರಹ, ಕರಪತ್ರ, ಮೊಬೈಲ್ ವಿಡಿಯೋಗಳು ಎಲ್ಲೆಡೆ ಇವೆ. ಮಧುಮೇಹ, ಕ್ಯಾನ್ಸರ್, ಲಕ್ವ, ಮೂರ್ಛೆರೋಗ ಮುಂತಾದ 54 ಕಾಯಿಲೆ-ಸ್ಥಿತಿಗಳನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದು 1954ರ ಕಾಯಿದೆಯ ಪ್ರಕಾರ ಅಪರಾಧ. ಅಂದರೆ ಜಾಹೀರಾತು ಇದೆ ಎಂಬುದೇ ಸಂಶಯಪಡಲು ಸಾಕಾದ ಕಾರಣ. ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ, ಅದರಲ್ಲಿಯೂ ಚಿಕ್ಕ ವಯಸ್ಸಿನಿಂದ ಇನ್ಸುಲಿನ್ ಮೇಲಿರುವ ಮಕ್ಕಳಿಗೆ ನಿಲ್ಲಿಸಿದರೆ, ಕೆಲವೇ ದಿನಗಳಲ್ಲಿ ಪ್ರಾಣಾಪಾಯವಾಗುತ್ತದೆ.

ನೀವು ಈಗಾಗಲೇ ಇಂಥ ಯಾವುದಾದರೂ ಪುಡಿ, ಎಣ್ಣೆ, ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಡಬ್ಬಿ ಸಮೇತ ತಂದು ವಾರ್ಡಿನ ಸಿಸ್ಟರಿಗೆ ಅಥವಾ ಡಾಕ್ಟರಿಗೆ ತೋರಿಸಿ. ಮೋಸದ ಜಾಹೀರಾತು ಎಂದು ಅನಿಸಿದರೆ ಅದರ ಫೋಟೋ ಮತ್ತು ಖರೀದಿ ರಸೀದಿ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.