ಸರಳುಗಳ ಕಮ್ಮಟ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಕಾಲಕ್ಕೆ ನಡೆಯುವ ಕಾರ್ಣಿಕೋತ್ಸವವನ್ನು ಒಮ್ಮೆ ಕಂಡವರಿಗೆ, ವ್ರತಸ್ಥನಾದ ಗೊರವಯ್ಯನು ಜನಸಾಗರದ ನಡುವೆ ನಿಲ್ಲಿಸಿದ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಗರ್ಜಿಸಿ, ಬರುವ ಕಾಲದ ಶುಭಾಶುಭಗಳನ್ನು ಒಂದೇ ವಾಕ್ಯದಲ್ಲಿ ನುಡಿಯುವ ಆ ದೃಶ್ಯವು ಮರೆಯತಕ್ಕದ್ದಲ್ಲ. ಹಾವೇರಿ ಸೀಮೆಯ ವೀರಗಲ್ಲುಗಳಲ್ಲಿಯೂ ಬಿಲ್ಲನ್ನು ಹಿಡಿದು ನಿಂತ ವೀರರಿದ್ದಾರೆ. ಬಿಲ್ಲಿಗೆ ನಮ್ಮ ನಾಡು ಸಲ್ಲಿಸಿದ ಈ ಗೌರವದ ಶತಾಂಶವೂ ಸರಳಿಗೆ ಸಂದಿಲ್ಲವೆಂಬುದು ನನ್ನ ಬಹುದಿನದ ಕೊರಗು. ಸಾಧಾರಣವಾದ ಬಿಲ್ಲಿನಿಂದಲೂ ಒಳ್ಳೆಯ ಸರಳುಗಳನ್ನೆಚ್ಚು ಗುರಿಯನ್ನು ಮುಟ್ಟಬಹುದು. ಬಿಲ್ಲು ಎಷ್ಟು ಶ್ರೇಷ್ಠವಾಗಿದ್ದರೂ ಸರಳುಗಳು ಒಂದಕ್ಕೊಂದು ವಿಷಮವಾಗಿದ್ದರೆ ಬಿಲ್ಲಾಳಿನ ಅಭ್ಯಾಸವೆಲ್ಲ ವ್ಯರ್ಥ. ಒಂದು ಒಳ್ಳೆಯ ಸರಳನ್ನು ಮಾಡುವುದು ಕಷ್ಟವಲ್ಲ; ಅದರಂತೆಯೇ ಇನ್ನೂ ಹನ್ನೊಂದನ್ನು ಮಾಡುವುದರಲ್ಲಿಯೇ ಈ ಕಲೆಯ ಸಾರವೆಲ್ಲ ಅಡಗಿದೆ.

ಇಂತಹ ಸಮತೆಯ ಕೆಲಸಕ್ಕೆ ಕುಮಾರಪಟ್ಟಣಕ್ಕಿಂತ ಅನುಕೂಲವಾದ ಊರು ನಮ್ಮ ಜಿಲ್ಲೆಯಲ್ಲಿ ಇನ್ನೊಂದಿರಲಾರದು. ತುಂಗಭದ್ರೆಯ ಆಚೆಯ ದಡದಲ್ಲಿ ಹರಿಹರ. ಈಚೆಯ ದಡದಲ್ಲಿ, 1970ರ ದಶಕದಲ್ಲಿ ನೆಲೆಯೂರಿ ನೀಲಗಿರಿ ಮರವನ್ನು ತಿರುಳಾಗಿಸಿ ಆ ತಿರುಳಿನಿಂದ ನಾರನ್ನು ತೆಗೆಯುತ್ತ ಬಂದ ಗ್ರಾಸಿಂ ಕಾರ್ಖಾನೆಗಳು. ಮರದ ಎಳೆಯ ಗುಣವನ್ನು ಬಲ್ಲವರೂ, ಕೂದಲೆಳೆಯಷ್ಟು ಸೊಟ್ಟವನ್ನು ಡಯಲ್ ಗೇಜಿನಲ್ಲಿ ಓದಬಲ್ಲ ಫಿಟ್ಟರುಗಳೂ ಇಲ್ಲಿ ನೆರೆಹೊರೆಯವರು. ಪಾಳಿ ಮುಗಿಸಿ ಬಂದ ಮೇಲೆ ಸಂಜೆಯ ಎರಡು ಗಂಟೆಗಳನ್ನು ಹಿತ್ತಲ ಪಡಸಾಲೆಯಲ್ಲಿ ಕಳೆಯಬಯಸುವವನಿಗೆ ಸರಳಿನ ಕೆಲಸಕ್ಕಿಂತ ತೃಪ್ತಿಕರವಾದ ಉದ್ಯೋಗವನ್ನು ನಾನು ಸೂಚಿಸಲಾರೆ.

ಮೊದಲು ಬಿದಿರು. ಲಾಠಿಗೆ ಒದಗುವ, ಒಳಗೆ ಹೆಚ್ಚು ಪೊಳ್ಳಿಲ್ಲದ ಕಿರುಬಿದಿರೇ ಸರಳಿಗೂ ಉತ್ತಮ. ಮೂರು ವರ್ಷ ಬಲಿತ, ಮಳೆಗಾಲ ಕಳೆದು ಚಳಿಯ ದಿನಗಳಲ್ಲಿ ಕಡಿದ ಗಳುವನ್ನು ಮೇದಾರರಲ್ಲಿ ಕೇಳಿ ಪಡೆಯಬೇಕು. ಆ ಕಾಲದಲ್ಲಿ ಬಿದಿರಿನೊಳಗಿನ ಪಿಷ್ಟಾಂಶ ಇಳಿದಿರುವುದರಿಂದ ಹುಳು ಹಿಡಿಯುವುದು ಕಡಿಮೆ. ಗಳುವನ್ನು ನೋಡಿದೊಡನೆಯೇ ಅದರ ವಯಸ್ಸನ್ನು ಹೇಳಬಲ್ಲ ಮೇದಾರರ ಕಣ್ಣು ನಮಗೆ ಪುಸ್ತಕದಿಂದ ದೊರೆಯುವಂಥದಲ್ಲ. 14ನೆಯ ಶತಮಾನದ ‘ಶಾರ್ಙ್ಗಧರಪದ್ಧತಿ’ಯ ಧನುರ್ವೇದ ಭಾಗದಲ್ಲಿಯೂ, ಎಳೆಯದಾದ, ಸೀಳಿದ, ಕೆಟ್ಟ ನೆಲದಲ್ಲಿ ಬೆಳೆದ ಕಡ್ಡಿಯನ್ನು ವರ್ಜಿಸಬೇಕೆಂಬ ವಿಧಿಯುಂಟು. ಮುಂಭಾಗ ದಪ್ಪವಾದುದು ಸ್ತ್ರೀಸರಳು, ಹಿಂಭಾಗ ದಪ್ಪವಾದುದು ಪುರುಷಸರಳು, ಉದ್ದಕ್ಕೂ ಸಮನಾದುದು ನಪುಂಸಕ ಎಂದು ವಿಂಗಡಿಸಿ, ಗುರಿಯ ಅಭ್ಯಾಸಕ್ಕೆ ಕೊನೆಯದೇ ಯೋಗ್ಯವೆಂದು ಆ ಗ್ರಂಥ ಹೇಳುತ್ತದೆ. ನಾವು ಮಾಡಹೊರಟಿರುವುದು ಆ ಸಮನಾದ ಸರಳನ್ನೇ.

ಕೆಲಸದ ಮೇಜು ಅಗಲವಾಗಿರಬೇಕಾದುದಿಲ್ಲ, ಅಲುಗದಂತಿರಬೇಕು. ನಾಲ್ಕಡಿ ಉದ್ದದ ದಪ್ಪ ಹಲಗೆಯನ್ನು ಗೋಡೆಗೆ ಕಚ್ಚಿಸಿ ಒಂದು ತುದಿಯಲ್ಲಿ ಸಣ್ಣ ವೈಸ್ ಕೂರಿಸಿದರೆ ಸಾಕು. ಬಡಿಗೇರನಿಂದ ಒಂದು ಗಟ್ಟಿಮರದ ತುಂಡಿನಲ್ಲಿ ಉದ್ದಕ್ಕೂ ಮೂಲೆಯಾಕಾರದ ಹರಿ ತೆಗೆಯಿಸಿಕೊಳ್ಳಬೇಕು. ಸೀಳಿದ ಬಿದಿರಿನ ಚೌಕ ಕಡ್ಡಿಯನ್ನು ಈ ಹರಿಯಲ್ಲಿರಿಸಿ, ರಂದಾದಿಂದ ಮೊದಲು ಎಂಟು ಮೂಲೆಗೆ, ಆಮೇಲೆ ಹದಿನಾರಕ್ಕೆ ಇಳಿಸಿ, ಕಡೆಗೆ ಪಾಲಿಶ್ ಕಾಗದವನ್ನು ಅಂಗೈಯಲ್ಲಿ ಹಿಡಿದು ಕಡ್ಡಿಯನ್ನು ತಿರುಗಿಸುತ್ತ ಉಜ್ಜಿದರೆ ಅದು ದುಂಡಗಾಗುವುದು. ಪಕ್ಕದಲ್ಲಿ ಇದ್ದಿಲ ಅಗ್ಗಿಷ್ಟಿಕೆ. ಬಾಗಿದ ಭಾಗವನ್ನು ಕೆಂಡದ ಮೇಲೆ, ತಾಗಿಸದೆ, ತಿರುಗಿಸುತ್ತ ಹಿಡಿದಾಗ ಬಿದಿರಿನ ಚರ್ಮದ ಮೇಲೆ ಮೇಣದಂತಹ ಜಿಡ್ಡು ಹನಿಹನಿಯಾಗಿ ಒಸರತೊಡಗುತ್ತದೆ. ಬಿದಿರು ಮಣಿಯುವ ಹದ ಅದೇ. ಕೂಡಲೇ ಎದುರು ದಿಕ್ಕಿಗೆ ತುಸು ಹೆಚ್ಚೇ ಬಾಗಿಸಿ, ಆರುವವರೆಗೆ ಕೈಬಿಡದೆ ಹಿಡಿದಿರಬೇಕು. ಅವಸರಪಟ್ಟವನ ಕಡ್ಡಿ ಮೊದಲಿನ ಸೊಟ್ಟಕ್ಕೇ ಹಿಂದಿರುಗುವುದು.

ಇನ್ನು ಈ ಮೇಜಿನ ಮುಖ್ಯ ಸಾಧನ, ಬಹುಜನರು ಬೇಡವೆಂದು ಬಿಟ್ಟುಬಿಡುವ, ಬಿಡಲೇಬಾರದ ಸಾಧನ: ಬಳುಕನ್ನು ಅಳೆಯುವ ಚೌಕಟ್ಟು. ಹೆದೆಯಿಂದ ಹೊರಟ ಸರಳು ದಂಡದಂತೆ ಸೆಟೆದು ಹೋಗುವುದೆಂದು ನಾವು ಭಾವಿಸಿರುತ್ತೇವೆ. ವಾಸ್ತವವಾಗಿ ಅದು ಹಿಂದಿನ ನೂಕಿಗೆ ಬಳುಕಿ, ಬಿಲ್ಲಿನ ಹಿಡಿಯನ್ನು ಬಳಸಿ ದಾಟಿ, ಅತ್ತಿತ್ತ ಕಂಪಿಸುತ್ತ, ಸ್ವಲ್ಪ ದೂರ ಸಾಗಿದ ಮೇಲಷ್ಟೇ ಸ್ಥಿರವಾಗುತ್ತದೆ. ಬಳುಕು ಹೆಚ್ಚಾದ ಸರಳು ಒಂದು ಪಕ್ಕಕ್ಕೆ, ಕಡಿಮೆಯಾದುದು ಇನ್ನೊಂದು ಪಕ್ಕಕ್ಕೆ ಸರಿಯುವುದರಿಂದ, ಹನ್ನೆರಡರ ಬಳುಕೂ ಬಿಲ್ಲಿನ ಬಲಕ್ಕೆ ಹೊಂದಿ, ತಮ್ಮತಮ್ಮೊಳಗೂ ಒಂದೇ ಆಗಿರಬೇಕು. ಇದರ ಪರೀಕ್ಷೆ ಸುಲಭ. 26 ಅಂಗುಲ, ಎಂದರೆ 66 ಸೆಂಟಿಮೀಟರ್ ಅಂತರದಲ್ಲಿ ಎರಡು ಆಸರೆಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕಡ್ಡಿಯನ್ನಿರಿಸಿ, ಸರಿನಡುವೆ 2 ಪೌಂಡಿನ, ಅರ್ಥಾತ್ 907 ಗ್ರಾಂನ ತೂಕವನ್ನು ತೂಗಬಿಟ್ಟು, ಕಡ್ಡಿ ಎಷ್ಟು ಇಳಿಯಿತೆಂಬುದನ್ನು ಡಯಲ್ ಗೇಜಿನಿಂದ ಓದಬೇಕು. 26ನ್ನು ಆ ಇಳಿತದ ಅಂಗುಲಗಳಿಂದ ಭಾಗಿಸಿದರೆ ಬರುವುದು ಕಡ್ಡಿಯ ಬಲ: ಅರ್ಧ ಅಂಗುಲ ಇಳಿದರೆ 52 ಪೌಂಡು, 0.65 ಅಂಗುಲ ಇಳಿದರೆ 40. ಬಿದಿರಿನ ಸೀಳಿನಲ್ಲಿ ಚರ್ಮದ ಪಕ್ಕ ಹೆಚ್ಚು ಗಟ್ಟಿಯಾದುದರಿಂದ ಕಡ್ಡಿಯನ್ನು ಹೊರಳಿಸಿ ಎರಡು ಬಾರಿ ಅಳೆದು, ಬಿಗಿಯಾದ ಮಗ್ಗುಲಿಗೆ ಗುರುತು ಹಾಕಿಡುವುದು ಲೇಸು. ಎಲ್ಲ ಸರಳುಗಳಲ್ಲಿಯೂ ಆ ಮಗ್ಗುಲೇ ಬಿಲ್ಲಿಗೆ ಒರಗಬೇಕು. ಬಲ ಹೆಚ್ಚಾದ ಕಡ್ಡಿಯನ್ನು ಇನ್ನಷ್ಟು ಕೆರೆದು ಇಳಿಸಬಹುದು. ಕಡಿಮೆಯಾದುದನ್ನು ಏರಿಸುವ ಉಪಾಯವಿಲ್ಲ. ಆದ್ದರಿಂದ ರಂದಾಕ್ಕಿಂತ ಮೊದಲು ಗೇಜಿನ ಸಲಹೆ. ತೂಕವನ್ನೂ ಸಮ ಮಾಡಬೇಕು. 40 ಪೌಂಡಿನ ಬಿಲ್ಲಿಗೆ 25 ಗ್ರಾಂ ಆಸುಪಾಸಿನ ಸರಳು ಒಪ್ಪುತ್ತದೆ.

ಹಿಂತುದಿಯ ಕಚ್ಚನ್ನು ಹ್ಯಾಕ್‌ಸಾ ಬ್ಲೇಡಿನಿಂದ ಕೊಯ್ದು ಅರದಿಂದ ನಯಗೊಳಿಸಿ, ಅದು ಸೀಳದಂತೆ ಕೆಳಗೆ ದಾರವನ್ನು ಬಿಗಿಯಾಗಿ ಸುತ್ತಬೇಕು. ಹೆದೆಗೆ ಸಿಕ್ಕಿಸಿದ ಸರಳು ತಾನಾಗಿ ತೂಗಾಡುತ್ತಿದ್ದು, ಹೆದೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೊಡನೆ ಕಳಚಿ ಬಿದ್ದರೆ ಕಚ್ಚು ಸರಿಯಾಗಿದೆಯೆಂದು ತಿಳಿಯಬೇಕು. ಗರಿಗಳು ಮೂರು, ಪರಸ್ಪರ 120 ಅಂಶ ಅಂತರದಲ್ಲಿ. ಅವುಗಳಲ್ಲಿ ಒಂದು ಕಚ್ಚಿಗೆ ಲಂಬವಾಗಿ. ಸಾಕಿದ ಟರ್ಕಿ ಕೋಳಿಯ ರೆಕ್ಕೆಗರಿ ಸಾಕು, ಆದರೆ ಮೂರೂ ಎಡರೆಕ್ಕೆಯವಾಗಿರಬೇಕು ಅಥವಾ ಮೂರೂ ಬಲರೆಕ್ಕೆಯವು, ಏಕೆಂದರೆ ಎರಡರ ಬಾಗು ಬೇರೆಬೇರೆ. ಮುದುಡಿದ ಗರಿಯನ್ನು ಹಬೆಗೆ ಹಿಡಿದರೆ ಮತ್ತೆ ಅರಳುವುದು. ಮೊನೆಗಳನ್ನು ಲೇತಿನಲ್ಲಿ ತಿರುವಿಸಿಕೊಂಡು ಅರಗಿನಿಂದ ಕೂರಿಸುವುದು ಜಾಣತನ; ಸರಳು ಮುರಿದರೂ ಮೊನೆಯನ್ನು ಕಾಯಿಸಿ ಬಿಡಿಸಿಕೊಳ್ಳಬಹುದು.

ಗುರಿಗೆ ಬಿಗಿಯಾಗಿ ಕಟ್ಟಿದ ಹುಲ್ಲಿನ ಪೆಂಡಿ, ಅದರ ಹಿಂದೆ ಮಣ್ಣಿನ ದಿಬ್ಬ, ಜನ ಸುಳಿಯದ ಬಯಲು. ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. 1972ರ ವನ್ಯಜೀವಿ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆಯೆಂಬುದನ್ನು ಬಿಲ್ಲು ಹಿಡಿಯುವ ಹುಡುಗರಿಗೆ ಮೊದಲ ದಿನವೇ ಹೇಳಬೇಕು. ಎಸೆಯುವ ಮೊದಲು ಪ್ರತಿ ಸರಳನ್ನೂ ಎರಡೂ ಕೈಗಳಲ್ಲಿ ಹಿಡಿದು ತುಸು ಬಳುಕಿಸಿ ಕಿವಿಗೊಟ್ಟು ಕೇಳಬೇಕು. ಚಿಟಿಲೆಂದರೆ ಅದನ್ನು ಅಲ್ಲಿಯೇ ಮುರಿದೆಸೆಯಬೇಕು, ಏಕೆಂದರೆ ಬಿರುಕುಬಿಟ್ಟ ಬಿದಿರು ಹೆದೆಯಲ್ಲಿ ಸಿಡಿದರೆ ಸೀಳು ನೆಡುವುದು ಎಸೆಯುವವನ ಕೈಗೇ.

ಪೂರೈಸಿದ ಸರಳುಗಳಿಗೆ ಅಗಸೆ ಎಣ್ಣೆಯನ್ನು ಎರಡು ಬಾರಿ ಸವರಿ, ಗರಿಯ ಬಳಿ ಸಂಖ್ಯೆ ಬರೆದು, ಪ್ರತಿಯೊಂದರ ಬಲ, ತೂಕ, ಪಕ್ಕಕ್ಕೆ ಸರಿಯುವ ಸ್ವಭಾವಗಳನ್ನು ಒಂದು ನೋಟುಬುಕ್ಕಿನಲ್ಲಿ ದಾಖಲಿಸಬೇಕು. ನದಿಯ ದಡದ ತೇವಕ್ಕೆ ಬಿದಿರು ಮಳೆಗಾಲದಲ್ಲಿ ಮತ್ತೆ ಬಾಗುವುದುಂಟು. ಮಳೆ ಹಿಂದೆಗೆದ ಮೇಲೆ ಅಗ್ಗಿಷ್ಟಿಕೆ ಹೂಡಿ ತಿದ್ದಿ, ಪುನಃ ಗೇಜಿನ ಕೆಳಗಿರಿಸಿ, ಹೊಸ ಅಂಕೆಗಳನ್ನು ಹಳೆಯವುಗಳ ಪಕ್ಕದಲ್ಲಿ ಬರೆದುಕೊಳ್ಳಬೇಕು. ಬಲ ಕುಂದಿ ಗುಂಪಿಗೆ ಸೇರದಾದ ಸರಳುಗಳನ್ನು ಬಿಸುಡಬೇಕಾಗಿಲ್ಲ. ಅವು ಮಕ್ಕಳ ಹಗುರವಾದ ಬಿಲ್ಲಿಗೆ ಒದಗುತ್ತವೆ.