ಅಚ್ಚು ಮತ್ತು ಪಡಿಯಚ್ಚು: ಜಪಾನಿನ ಮರದಚ್ಚಿನ ಚಿತ್ರಗಳೂ ರಾಯಚೂರು ಸೀಮೆಯ ಶಾಸನಗಳೂ

ಕಲ್ಲಿನಿಂದಾಗಲಿ ಮರದಿಂದಾಗಲಿ ಕಾಗದಕ್ಕೆ ಇಳಿದ ರೂಪವನ್ನು ಎಷ್ಟರಮಟ್ಟಿಗೆ ಮೂಲವೆಂದು ಗ್ರಹಿಸಬಹುದೆಂಬುದು ಶಾಸನಾಭ್ಯಾಸಿಗಳಿಗೂ ಗ್ರಂಥಸಂಪಾದಕರಿಗೂ ಸಮಾನವಾದ ಪ್ರಶ್ನೆಯಾಗಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಗಣಿಯ ಇಂಜಿನಿಯರಾದ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಬಂಡೆಯ ಶಾಸನವು ಈ ಪ್ರಶ್ನೆಯ ಗೌರವವನ್ನು ತೋರಿಸುವುದು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ದೇವಾನಾಂಪ್ರಿಯ ಮುಂತಾದ ಬಿರುದುಗಳು ಮಾತ್ರವೇ ಇದ್ದುವು. ಅಶೋಕನೆಂಬ ಹೆಸರು ಮೊದಲು ಕಂಡುಬಂದುದು ಇಲ್ಲಿಯೇ. ಸವೆದ ಬಂಡೆಯ ಮೇಲಿನ ಕೆಲವೇ ಅಕ್ಷರಗಳಿಂದ ಒಂದು ದೇಶದ ಚರಿತ್ರೆಯು ದೃಢಪಟ್ಟಿತು.

ಶಾಸನದ ಪಡಿಯಚ್ಚನ್ನು ತೆಗೆಯುವ ಕ್ರಮವು ಹೀಗಿದೆ. ಕಲ್ಲನ್ನು ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಹೊಡೆದು ಅಕ್ಷರಗಳ ಕುಳಿಗಳೊಳಕ್ಕೆ ಇಳಿಸುವರು. ಬಳಿಕ ಮಸಿಯ ಉಂಡೆಯಿಂದ ಮೇಲ್ಗಡೆ ತಟ್ಟಿದರೆ ಉಬ್ಬಿದ ನೆಲವು ಕಪ್ಪಾಗಿಯೂ ಕೊರೆದ ಅಕ್ಷರವು ಬಿಳಿದಾಗಿಯೂ ನಿಲ್ಲುವುದು. ಮಸಿಯು ಕಾಗದದ ಹೊರಮೈಗೆ ತಗಲುವುದರಿಂದ ಅಕ್ಷರವು ತಿರುಗುಮುರುಗಾಗುವುದಿಲ್ಲ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಶಾಸನಗಳಿಗೂ, ರಾಯಚೂರು ಕೋಟೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲಿನ ಮೇಲಿರುವ ಕ್ರಿ. ಶ. 1294ರ ಶಾಸನಕ್ಕೂ ಈ ಕ್ರಮವೇ ಸಲ್ಲುವುದು. ಆ ಕೋಟೆಯ ಗೋಡೆಯಲ್ಲಿ, ಅಂತಹ ಹೆಬ್ಬಂಡೆಯನ್ನು ಬಂಡಿಯ ಮೇಲೆ ಎಳೆತಂದ ದೃಶ್ಯವೂ ಗೆರೆಗಳಲ್ಲಿ ಕೊರೆಯಲ್ಪಟ್ಟಿದೆ.

ಜಪಾನಿನ ಮರದಚ್ಚಿನಲ್ಲಿ ಈ ಕ್ರಮವು ತಲೆಕೆಳಗಾಗುವುದು. ಅಲ್ಲಿ ಗೆರೆಯು ಉಳಿಯುವುದು, ನೆಲವು ಕೊರೆದುಹೋಗುವುದು. ಆ ದೇಶದಲ್ಲಿ ಮುದ್ರಣವು ಬೌದ್ಧಧರ್ಮದ ಆಶ್ರಯದಲ್ಲಿ ಬೆಳೆಯಿತು. ಸುಮಾರು 770ರಲ್ಲಿ ಮುಗಿದ ಒಂದು ರಾಜಕಾರ್ಯದಲ್ಲಿ ಚಿಕ್ಕ ಚಿಕ್ಕ ಮರದ ಸ್ತೂಪಗಳೊಳಗೆ ಅಚ್ಚಾದ ಧಾರಣೀಮಂತ್ರಗಳನ್ನು ಇರಿಸಿದರು. ಸಂಸ್ಕೃತದ ಧ್ವನಿಗಳನ್ನೇ ಚೀನೀ ಲಿಪಿಯಲ್ಲಿ ಬರೆದ ಮಂತ್ರಗಳವು. ಚಿತ್ರಕಲೆಯಲ್ಲಿ ಈ ವಿದ್ಯೆಯು ಸ್ವತಂತ್ರವಾದುದು 17ನೆಯ ಶತಮಾನದಲ್ಲಿ, ಎದೋ ನಗರದ ಹಿಷಿಕಾವ ಮೊರೊನೊಬುವಿನ ಕಾಲಕ್ಕೆ. ಈ ಚಿತ್ರಗಳಿಗೆ ಉಕಿಯೋ-ಎ ಎಂದು ಹೆಸರು. ಉಕಿಯೋ ಎಂದರೆ ಮೊದಲು ದುಃಖಮಯವಾದ ಸಂಸಾರವೆಂಬ ಅರ್ಥವಿದ್ದು, ಅನಂತರ ತೇಲಿಹೋಗುವ ಲೋಕಸುಖವೆಂಬ ಅರ್ಥವು ರೂಢವಾಯಿತು. 1765ರಲ್ಲಿ ಸುಜುಕಿ ಹರುನೊಬುವಿನ ಕೈಯಲ್ಲಿ ಬಹುವರ್ಣದ ಅಚ್ಚು ಸಿದ್ಧಿಸಿತು. ಜರತಾರಿಯ ಬಟ್ಟೆಗೆ ಹೋಲಿಸಿ ಇದನ್ನು ನಿಷಿಕಿ-ಎ ಎಂದರು.

ಇಂತಹ ಚಿತ್ರಕ್ಕೆ ಕರ್ತರು ನಾಲ್ವರು: ಪ್ರಕಾಶಕ, ಚಿತ್ರಕಾರ, ಕೊರೆಯುವವ, ಅಚ್ಚೊತ್ತುವವ. ತೆಳುಗಾಗದದ ಮೇಲೆ ಬರೆದ ಚಿತ್ರವನ್ನು ಚೆರ್ರಿ ಮರದ ಹಲಗೆಗೆ ಮುಖ ಕೆಳಗಾಗಿ ಅಂಟಿಸಿ, ಗೆರೆಗಳ ಎರಡೂ ಬದಿಯ ಮರವನ್ನು ಕೆತ್ತುವರು. ಆ ಕೆಲಸದಲ್ಲಿ ಚಿತ್ರಕಾರನ ಸ್ವಹಸ್ತಲಿಖಿತವು ನಾಶವಾಗುವುದು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಹಲಗೆ. ಮೂಲೆಯಲ್ಲಿ ಕೊರೆದ ಗುರುತಿಗೆ ಕಾಗದವನ್ನು ತಾಗಿಸುವುದರಿಂದ ಬಣ್ಣಗಳು ತಮ್ಮ ತಮ್ಮ ಎಡೆಯಲ್ಲಿ ಕೂಡುವುವು. ಒತ್ತುಯಂತ್ರವಿಲ್ಲ, ಬಿದಿರಿನ ಹಾಳೆ ಸುತ್ತಿದ ಬಾರೆನ್ ಎಂಬ ಉಪಕರಣದಿಂದ ಕಾಗದದ ಬೆನ್ನನ್ನು ಉಜ್ಜುವರು. ಹೊಕುಸಾಯ್ 1830ರ ಸುಮಾರಿಗೆ ತೊಡಗಿದ ಫ್ಯೂಜಿ ಪರ್ವತದ ಮೂವತ್ತಾರು ನೋಟಗಳೆಂಬ ಮಾಲಿಕೆಯು, ಹೆಸರಿನಲ್ಲಿ 36 ಆದರೂ, ಒಟ್ಟಿನಲ್ಲಿ 46 ಚಿತ್ರಗಳುಳ್ಳದ್ದಾಯಿತು.

ಹರುನೊಬುವಿನ ಆ ಶತಮಾನದಲ್ಲಿಯೇ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರೂ ಅವರ ಶಿಷ್ಯರಾದ ಮಾನ್ವಿಯ ಜಗನ್ನಾಥದಾಸರೂ ಬಾಳಿದರು. ಇವರ ಕೃತಿಗಳು ಅಚ್ಚಿಲ್ಲದೆ, ಹಾಡುವವರ ಬಾಯಿಂದಲೂ ಪ್ರತಿಕಾರರ ಕೈಯಿಂದಲೂ ಹರಡಿದುವು. ಪ್ರತಿಕಾರನು ಮಾಡುವ ಒಂದೊಂದು ಪ್ರತಿಯಲ್ಲಿಯೂ ಹೊಸ ಪಾಠಭೇದವು ಹುಟ್ಟಬಹುದು. ಒಂದೇ ಹಲಗೆಯಿಂದ ಬಂದ ನೂರಾರು ಚಿತ್ರಗಳಾದರೋ ಸರ್ವಥಾ ಸಮಾನವೆಂದು ತೋರುವುದು ಸಹಜ. ಆದರೆ ಆ ಭಾವನೆಯು ನಿಲ್ಲದು. ಒತ್ತಿದಷ್ಟೂ ಹಲಗೆಯು ಸವೆಯುವುದು, ಗೆರೆಗಳು ಒಡೆಯುವುವು. ಹೊಕುಸಾಯಿಯ ಕೆಂಪು ಫ್ಯೂಜಿಯು ಮೊದಲ ಪ್ರತಿಗಳಲ್ಲಿ ಮೆಲುಬಣ್ಣದ್ದಾಗಿದ್ದು, ಹಿಂದಣಿಂದ ಒತ್ತಿದವುಗಳಲ್ಲಿ ಗಾಢವಾಗಿದೆ. ತಡವಾದ ಪ್ರತಿಯೊಂದನ್ನೇ ಕಂಡು ಚಿತ್ರಕಾರನ ವರ್ಣರುಚಿಯನ್ನು ನಿರ್ಣಯಿಸುವವನು ಅಚ್ಚೊತ್ತಿದವನ ಇಚ್ಛೆಯನ್ನು ಚಿತ್ರಕಾರನಿಗೆ ಆರೋಪಿಸಿದಂತಾಗುವುದು.

ಶಾಸನದ ಪಡಿಯಚ್ಚಿಗೂ ಇದೇ ನ್ಯಾಯವು. ಕಲ್ಲಿನ ಬಿರುಕು ಬಿಳಿಗೆರೆಯಾಗಿ ಮೂಡಿ ಗುಡಿಸಿನ ಭ್ರಾಂತಿಯನ್ನು ಹುಟ್ಟಿಸಬಹುದು. ಮಸಿ ಹೆಚ್ಚಾದೆಡೆ ಸೊನ್ನೆಯು ಅಳಿಯಬಹುದು. ಸಂದೇಹ ಬಂದಾಗ ಕಲ್ಲಿನ ಬಳಿಗೆ ಮರಳುವುದು ಶಾಸನಪಾಠಕನಿಗೆ ಸಾಧ್ಯ. ಸ್ವಹಸ್ತಲಿಖಿತವು ಅಳಿದ ಜಪಾನೀ ಚಿತ್ರದಲ್ಲಿಯೂ, ಕವಿಯ ಕೈಬರಹವಿಲ್ಲದ ದಾಸಸಾಹಿತ್ಯದಲ್ಲಿಯೂ ಆ ದಾರಿಯಿಲ್ಲ. ಅಲ್ಲಿ ಹಲವು ಪ್ರತಿಗಳನ್ನು ಒಂದೆಡೆಯಿಟ್ಟು, ಯಾವುದು ಹಿಂದಿನದು ಯಾವುದು ಮುಂದಿನದು ಎಂದು ತಾರತಮ್ಯ ಮಾಡುವುದೊಂದೇ ಉಪಾಯ. ಆದುದರಿಂದ ಕಲ್ಲುಗಳು ಇರುವಷ್ಟು ಕಾಲ ಅವನ್ನು ಕಾಪಾಡತಕ್ಕುದು. ಉತ್ತಮವಾದ ಪಡಿಯಚ್ಚು ಕೈಯಲ್ಲಿದೆಯೆಂಬ ಧೈರ್ಯದಿಂದ ಮೂಲವನ್ನು ಉಪೇಕ್ಷಿಸಲಾಗದು.