ಸ್ಟ್ಯಾಟಿನ್ ಮತ್ತು ಸ್ನಾಯುನೋವು: ಕೇಳಿಸಿಕೊಳ್ಳುವುದೂ ಚಿಕಿತ್ಸೆಯೇ

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 60 ಜನರಿಗೆ ತಲಾ 12 ಬಾಟಲಿ ಕೊಟ್ಟರು, ತಿಂಗಳಿಗೊಂದರಂತೆ ಒಂದು ವರ್ಷಕ್ಕೆ. ನಾಲ್ಕರಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಅಟೋರ್ವಾಸ್ಟ್ಯಾಟಿನ್ 20 ಮಿಲಿಗ್ರಾಂ ಮಾತ್ರೆಗಳು. ಇನ್ನು ನಾಲ್ಕರಲ್ಲಿ ನೋಡಲು ಹಾಗೆಯೇ ಇರುವ, ಆದರೆ ಔಷಧವಿಲ್ಲದ ಹುಸಿ ಮಾತ್ರೆಗಳು. ಉಳಿದ ನಾಲ್ಕು ಖಾಲಿ. ಮಾತ್ರೆ ಇರುವ ತಿಂಗಳಲ್ಲಿ ಅದು ಅಸಲಿಯೋ ಹುಸಿಯೋ ಎಂಬುದು ನುಂಗುವವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಇವರೆಲ್ಲರೂ ಹಿಂದೆ ಸ್ಟ್ಯಾಟಿನ್ ಶುರುಮಾಡಿ, ಎರಡು ವಾರದೊಳಗೆ ತೊಂದರೆ ಕಾಣಿಸಿಕೊಂಡು, ಮಾತ್ರೆ ಬಿಟ್ಟವರು. ದಿನವೂ ತಮ್ಮ ತೊಂದರೆ ಎಷ್ಟಿದೆಯೆಂದು ಸೊನ್ನೆಯಿಂದ ನೂರರೊಳಗೆ ಅಂಕ ಕೊಟ್ಟು ಮೊಬೈಲಿನಲ್ಲಿ ದಾಖಲಿಸುವುದು ಅವರ ಕೆಲಸ.

‘ಸ್ಯಾಮ್ಸನ್’ ಹೆಸರಿನ ಈ ಪ್ರಯೋಗದ ಫಲಿತಾಂಶ 2020ರಲ್ಲಿ ಹೊರಬಂತು. ಮಾತ್ರೆಯೇ ಇಲ್ಲದ ತಿಂಗಳುಗಳಲ್ಲಿ ತೊಂದರೆಯ ಸರಾಸರಿ ಅಂಕ 8. ಅಸಲಿ ಮಾತ್ರೆಯ ತಿಂಗಳುಗಳಲ್ಲಿ 16.3. ಹುಸಿ ಮಾತ್ರೆಯ ತಿಂಗಳುಗಳಲ್ಲಿ 15.4. ಅಂದರೆ ಮಾತ್ರೆ ನುಂಗಿದಾಗ ಹೆಚ್ಚಿದ ತೊಂದರೆಯ ಸುಮಾರು ಶೇ. 90ರಷ್ಟು ಹುಸಿ ಮಾತ್ರೆಯಿಂದಲೂ ಬಂದಿತ್ತು. ಕೆಡುಕಾಗಬಹುದೆಂಬ ನಿರೀಕ್ಷೆಯಿಂದಲೇ ದೇಹಕ್ಕೆ ತೊಂದರೆ ಕಾಣಿಸಿಕೊಳ್ಳುವ ಇದಕ್ಕೆ ‘ನೊಸಿಬೊ’ ಪರಿಣಾಮ ಎನ್ನುತ್ತಾರೆ.

ಈ ಅಂಕಿಗಳನ್ನು ಓದಿ “ನೋಡಿ, ಎಲ್ಲ ಮನಸ್ಸಿನ ಭ್ರಮೆ” ಎಂದುಬಿಡುವುದು ಸುಲಭ. ಅದು ತಪ್ಪು ಓದು. ಎಂಟು ಇದ್ದ ಅಂಕ ಹದಿನೈದಕ್ಕೆ ಏರಿತಲ್ಲ, ಆ ಏರಿಕೆ ಸುಳ್ಳಲ್ಲ. ನೋವು ಅನುಭವಕ್ಕೆ ಬರುವುದು ಮಿದುಳಿನಲ್ಲಿ. ಸ್ನಾಯುವಿನಿಂದ ಬಂದ ಸಂಕೇತವನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂದು ನಿರ್ಧರಿಸುವಾಗ ಮಿದುಳು ನಮ್ಮ ಆತಂಕ, ನಿರೀಕ್ಷೆಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗೆ ಹುಟ್ಟಿದ ನೋವೂ ನಿದ್ದೆ ಕೆಡಿಸುತ್ತದೆ, ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಪ್ರಯೋಗ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಅವರವರ ಅಂಕಗಳನ್ನೇ ತೋರಿಸಲಾಯಿತು. ಆರು ತಿಂಗಳ ನಂತರ ವಿಚಾರಿಸಿದಾಗ 60ರಲ್ಲಿ 30 ಮಂದಿ ಮತ್ತೆ ಸ್ಟ್ಯಾಟಿನ್ ಶುರುಮಾಡಿದ್ದರು. ಅವರ ಮನಸ್ಸು ಬದಲಾದದ್ದು ಯಾರದೋ ಗದರಿಕೆಯಿಂದ ಅಲ್ಲ. ಅವರ ನೋವನ್ನು ಒಂದು ವರ್ಷ ದಿನವೂ ಕೇಳಿ ಬರೆದಿಟ್ಟಿದ್ದರಿಂದ.

ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಇದೇ ಮಾತು ಸಾಮಾನ್ಯವಾಗಿ ಹೇಗೆ ನಡೆಯುತ್ತದೆ?

“ಡಾಕ್ಟ್ರೇ, ಆ ಕೊಲೆಸ್ಟ್ರಾಲ್ ಮಾತ್ರೆ ಶುರುವಾದಾಗಿಂದ ಕಾಲೆಲ್ಲ ನೋವು.”

“ಅದರಿಂದ ಏನೂ ಆಗಲ್ಲಮ್ಮ. ವಯಸ್ಸಾಯ್ತಲ್ಲ. ತಗೊಳ್ತಾ ಇರಿ.”

ಆಕೆ ಮನೆಗೆ ಹೋಗಿ ಸದ್ದಿಲ್ಲದೆ ಮಾತ್ರೆ ಬಿಡುತ್ತಾರೆ. ಮುಂದಿನ ಸಲ ಕೇಳಿದರೆ “ತಗೊಳ್ತಿದೀನಿ” ಎನ್ನುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು, ಒಮ್ಮೆ ಹೃದಯಾಘಾತವಾದವರು ಹೀಗೆ ಮಾಡಿದರೆ ಅದರ ಬೆಲೆ ದೊಡ್ಡದು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯದ ಅಧ್ಯಯನವೊಂದರಲ್ಲಿ 4,444 ಹೃದ್ರೋಗಿಗಳನ್ನು ಐದು ವರ್ಷಕ್ಕೂ ಮಿಕ್ಕಿ ಗಮನಿಸಲಾಯಿತು. ಸಿಂವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಸಾವಿನ ಅಪಾಯ ಶೇ. 30ರಷ್ಟು ಕಡಿಮೆಯಾಗಿತ್ತು. ರೋಗಿಯ ಮಾತನ್ನು ತಳ್ಳಿಹಾಕಿದರೆ ಕೈತಪ್ಪುವುದು ಇಷ್ಟು ದೊಡ್ಡ ರಕ್ಷಣೆ.

ಈ ಸಮಸ್ಯೆ ಎಲ್ಲ ಕಡೆಯೂ ಇದೆ. ಕ್ಯಾಲಿಫೋರ್ನಿಯಾದ ವೈದ್ಯೆ ಬಿಯಾಟ್ರಿಸ್ ಗೊಲೊಂಬ್ ಮತ್ತು ಸಂಗಡಿಗರು 2007ರಲ್ಲಿ ಸ್ಟ್ಯಾಟಿನ್ ತೊಂದರೆ ಹೇಳಿಕೊಂಡ 650 ಜನರ ಅನುಭವ ಪ್ರಕಟಿಸಿದರು. ಇದಕ್ಕೂ ಮಾತ್ರೆಗೂ ಸಂಬಂಧವಿರಬಹುದೇ ಎಂಬ ಮಾತನ್ನು ಬಹುತೇಕ ಸಂದರ್ಭಗಳಲ್ಲಿ ಎತ್ತಿದ್ದು ರೋಗಿಗಳೇ. ಸ್ನಾಯು ತೊಂದರೆ ಇದ್ದವರಲ್ಲಿ ವೈದ್ಯರಾಗಿಯೇ ವಿಷಯ ಎತ್ತಿದ್ದು ಶೇ. 14ರಷ್ಟು ಮಾತ್ರ. ಸಂಬಂಧವಿರಬಹುದು ಎಂದ ವೈದ್ಯರಿಗಿಂತ ಇರಲಾರದು ಎಂದವರೇ ಹೆಚ್ಚು ಎಂದು ರೋಗಿಗಳು ತಿಳಿಸಿದ್ದರು.

ಆದರೆ ಸಂಬಂಧ ಕೆಲವರಲ್ಲಿ ಖಂಡಿತ ಇದೆ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 19 ಪ್ರಯೋಗಗಳ ಸುಮಾರು 1.24 ಲಕ್ಷ ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಶೇ. 27.1ರಷ್ಟು, ಹುಸಿ ಮಾತ್ರೆಯವರಲ್ಲಿ ಶೇ. 26.6ರಷ್ಟು ಜನ ಸ್ನಾಯುನೋವು ಅಥವಾ ನಿಶ್ಶಕ್ತಿ ಎಂದಿದ್ದರು. ಮೊದಲ ವರ್ಷದಲ್ಲಿ ಸಾವಿರ ಜನರಿಗೆ ಸುಮಾರು 11 ಮಂದಿಗೆ ಮಾತ್ರೆಯಿಂದಲೇ ಹೆಚ್ಚುವರಿ ತೊಂದರೆ. ಸಂಖ್ಯೆ ಸಣ್ಣದು, ನಿಜ. ಎದುರಿಗೆ ಕುಳಿತಿರುವವರು ಆ ಹನ್ನೊಂದರಲ್ಲಿ ಒಬ್ಬರೋ ಅಲ್ಲವೋ ಎಂದು ಸರಾಸರಿ ಹೇಳಲಾರದು. ಅದಕ್ಕೆ ವಿಚಾರಿಸಲೇಬೇಕು.

ಸ್ಟ್ಯಾಟಿನ್ ಕೆಲಸ ಮಾಡಬೇಕಾದ ಜಾಗ ಯಕೃತ್ತು. ಅಲ್ಲಿ ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವವೊಂದನ್ನು ಅದು ತಡೆಯುತ್ತದೆ. ಕೊರತೆ ತುಂಬಿಕೊಳ್ಳಲು ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ರಕ್ತದಿಂದ ಔಷಧವನ್ನು ಯಕೃತ್ತಿನೊಳಗೆ ಸಾಗಿಸಲು ಒಂದು ಪ್ರೋಟೀನ್ ಇದೆ. ಅದರ ಜೀನ್‌ನಲ್ಲಿ ವ್ಯತ್ಯಾಸವಿದ್ದವರಲ್ಲಿ ಸಾಗಣೆ ನಿಧಾನವಾಗಿ, ಔಷಧ ರಕ್ತದಲ್ಲೇ ಹೆಚ್ಚು ಉಳಿದು ಸ್ನಾಯುಗಳಿಗೆ ತಲುಪುತ್ತದೆ. ಹೆಚ್ಚು ಪ್ರಮಾಣದ ಸಿಂವಾಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ಇದು ಸ್ನಾಯುಹಾನಿಯ ಅಪಾಯ ಹೆಚ್ಚಿಸುತ್ತದೆ ಎಂದು 2008ರಲ್ಲಿ ತಿಳಿದುಬಂತು. ನಮಗೆ ಇನ್ನೊಂದು ವಿಷಯವೂ ಮುಖ್ಯ. ರೋಸುವಾಸ್ಟ್ಯಾಟಿನ್ ಭಾರತೀಯರೂ ಸೇರಿದಂತೆ ಏಷ್ಯಾ ಮೂಲದವರ ರಕ್ತದಲ್ಲಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಸೇರಿಕೊಳ್ಳುತ್ತದೆ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಕರು ಇವರಿಗೆ 5 ಮಿಲಿಗ್ರಾಂನಿಂದ ಶುರುಮಾಡಲು ಹೇಳುತ್ತಾರೆ.

ಹಾಗಾದರೆ ವೈದ್ಯರ ಮುಂದೆ ಏನು ಹೇಳಬೇಕು? “ಮೈಕೈಯೆಲ್ಲ ನೋವು” ಎಂಬ ಮಾತು ನಿಜವಾದರೂ ಅದರಿಂದ ವೈದ್ಯರಿಗೆ ಸುಳಿವು ಸಿಗುವುದಿಲ್ಲ. ಇದನ್ನು ನೋಡಿ: “ಮಾತ್ರೆ ಶುರುವಾಗಿದ್ದು ಯುಗಾದಿಯ ಮರುವಾರ. ಮೂರನೇ ವಾರದಿಂದ ಎರಡೂ ತೊಡೆ ನೋವು. ಕುಕ್ಕರಗಾಲಲ್ಲಿ ಕೂತರೆ ಏಳೋಕೆ ಏನಾದರೂ ಹಿಡ್ಕೋಬೇಕು. ಮುಂಚೆ ಹೀಗಿರಲಿಲ್ಲ. ಥೈರಾಯ್ಡ್ ಟೆಸ್ಟ್ ಮಾಡಿಸಿ ತುಂಬ ದಿನ ಆಯ್ತು.” ಈ ನಾಲ್ಕೈದು ವಾಕ್ಯಗಳಲ್ಲಿ ವೈದ್ಯರಿಗೆ ಬೇಕಾದ ಬಹುಪಾಲು ವಿವರ ಇದೆ. ಸ್ಟ್ಯಾಟಿನ್ ನೋವು ಹೆಚ್ಚಾಗಿ ಎರಡೂ ಪಕ್ಕ ಸಮನಾಗಿ, ತೊಡೆ, ಪೃಷ್ಠ, ಮೀನಖಂಡ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ, ಶುರುಮಾಡಿದ ಅಥವಾ ಪ್ರಮಾಣ ಏರಿಸಿದ ಕೆಲ ವಾರಗಳಲ್ಲಿ ಕಾಣಿಸುತ್ತದೆ. ಒಂದೇ ಮಂಡಿಯ ಕೀಲು ನೋಯುತ್ತಿದ್ದರೆ ಕಾರಣ ಬೇರೆ ಇರುವ ಸಾಧ್ಯತೆಯೇ ಹೆಚ್ಚು. ಥೈರಾಯ್ಡ್ ಕೊರತೆ ತಾನೇ ಸ್ನಾಯುನೋವು ತರಬಲ್ಲದು, ಸ್ಟ್ಯಾಟಿನ್ ತೊಂದರೆಯನ್ನೂ ಹೆಚ್ಚಿಸಬಲ್ಲದು. ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಕ್ಲಾರಿಥ್ರೋಮೈಸಿನ್‌ನಂಥ ಆ್ಯಂಟಿಬಯಾಟಿಕ್, ಇಟ್ರಾಕೊನಜೋಲ್‌ನಂಥ ಫಂಗಸ್ ಔಷಧ ಕೆಲವು ಸ್ಟ್ಯಾಟಿನ್‌ಗಳನ್ನು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಿಸುತ್ತವೆ.

ಕಾಯಬಾರದ ಲಕ್ಷಣಗಳೂ ಇವೆ. ಸ್ನಾಯುಗಳಲ್ಲಿ ತೀವ್ರ ನೋವು, ಕೈಕಾಲು ಎತ್ತಲಾಗದಷ್ಟು ನಿಶ್ಶಕ್ತಿ, ಕಡು ಚಹಾ ಬಣ್ಣದ ಮೂತ್ರ ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಈ ಸ್ಥಿತಿ ತೀರಾ ವಿರಳ, ಆದರೆ ಪ್ರಾಣಕ್ಕೇ ಎರವಾಗಬಹುದು. ಸೆರಿವಾಸ್ಟ್ಯಾಟಿನ್ ಎಂಬ ಔಷಧವನ್ನು 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ಇದೇ ಕಾರಣಕ್ಕೆ.

ಉಳಿದವರಿಗೆ ದಾರಿ ಹಲವು. ಸಿಪಿಕೆ ರಕ್ತಪರೀಕ್ಷೆಯಿಂದ ಸ್ನಾಯುಹಾನಿ ಇದೆಯೇ ಎಂದು ಗೊತ್ತಾಗುತ್ತದೆ. ವೈದ್ಯರ ಒಪ್ಪಿಗೆಯಿಂದ ಕೆಲ ವಾರ ನಿಲ್ಲಿಸಿ, ಮತ್ತೆ ಶುರುಮಾಡಿ, ಎರಡೂ ಅವಧಿಯ ನೋವನ್ನು ಬರೆದಿಟ್ಟು ಹೋಲಿಸಬಹುದು. ಪ್ರಮಾಣ ಇಳಿಸಬಹುದು. ಸ್ಟ್ಯಾಟಿನ್ ಪ್ರಮಾಣ ದುಪ್ಪಟ್ಟಾದಾಗ ಎಲ್‌ಡಿಎಲ್ ಸುಮಾರು ಶೇ. 6ರಷ್ಟು ಮಾತ್ರ ಹೆಚ್ಚು ಇಳಿಯುವುದರಿಂದ, ಅರ್ಧಕ್ಕೆ ಇಳಿಸಿದರೂ ಪ್ರಯೋಜನದ ದೊಡ್ಡ ಪಾಲು ಉಳಿಯುತ್ತದೆ. ಬೇರೊಂದು ಸ್ಟ್ಯಾಟಿನ್‌ಗೆ ಬದಲಿಸಬಹುದು. ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವ ರೋಸುವಾಸ್ಟ್ಯಾಟಿನನ್ನು ದಿನ ಬಿಟ್ಟು ದಿನ ಕೊಡಬಹುದು. ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಔಷಧ ಎಜೆಟಿಮೈಬ್ ಸೇರಿಸಬಹುದು. ಯಾವುದೂ ಒಗ್ಗದಿದ್ದರೆ ಬೆಂಪೆಡೊಯಿಕ್ ಆ್ಯಸಿಡ್ ಇದೆ. ಅದು ಸಕ್ರಿಯವಾಗುವುದು ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ ಅಲ್ಲ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಟ್ಯಾಟಿನ್ ಒಗ್ಗದ ಸುಮಾರು 14 ಸಾವಿರ ಜನರಲ್ಲಿ ಅದು ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡಗಳನ್ನು ಶೇ. 13ರಷ್ಟು ಇಳಿಸಿತು. ಯೂರಿಕ್ ಆ್ಯಸಿಡ್ ಏರಿಸುವ ಗುಣ ಅದಕ್ಕಿರುವುದರಿಂದ ಗೌಟ್ ಇದ್ದವರು ಮೊದಲೇ ಹೇಳಬೇಕು.

ಅಡ್ಡಪರಿಣಾಮವನ್ನು ರೋಗಿಗಳೇ ನೇರವಾಗಿ ಸರ್ಕಾರಕ್ಕೆ ವರದಿ ಮಾಡಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುವ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ಮಾತ್ರೆಯೇ ಕಾರಣ ಎಂದು ಖಚಿತವಾಗಿರಬೇಕಿಲ್ಲ, ಅನುಮಾನವಿದ್ದರೂ ತಿಳಿಸಬಹುದು.

ವೈದ್ಯರ ಮೇಲೆ ರೋಗಿಗಳ ಸಾಲಿನ ಒತ್ತಡ ಎಷ್ಟಿದೆಯೆಂಬುದು ಎಲ್ಲರಿಗೂ ಗೊತ್ತು. ಆದರೂ ಸ್ಟ್ಯಾಟಿನ್ ಬರೆದುಕೊಡುವ ದಿನವೇ ಅವರು ಎರಡು ಮಾತು ಹೇಳಿದರೆ ಮುಂದಿನ ಎಷ್ಟೋ ತೊಡಕು ತಪ್ಪುತ್ತದೆ: “ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆಯಾಗಲ್ಲ. ನಿಮಗೆ ನೋವು ಬಂದರೆ ನೀವಾಗೇ ಬಿಡಬೇಡಿ, ನನಗೆ ಹೇಳಿ, ಬೇರೆ ದಾರಿ ನೋಡೋಣ.” ಮೊದಲ ಮಾತು ಸುಮ್ಮನೆ ಹುಟ್ಟುವ ಭಯವನ್ನು ತಗ್ಗಿಸುತ್ತದೆ, ಎರಡನೆಯದು ಸದ್ದಿಲ್ಲದೆ ಮಾತ್ರೆ ಬಿಡುವುದನ್ನು ತಪ್ಪಿಸುತ್ತದೆ. ಅವರು ಹೇಳದಿದ್ದರೆ ನಾವೇ ಕೇಳೋಣ. ಕೇಳುವ ಹಕ್ಕು ನಮಗಿದೆ.